ಒಂದೇ ತಳಿಗೆ ಎಲ್ಲರೂ ಜೋತುಬಿದ್ದರೆ

ನಮಸ್ಕಾರ. ಇವತ್ತು ಕಬ್ಬಿನ ದರದ ಬಗ್ಗೆ ಮಾತಾಡುವುದಿಲ್ಲ. ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾಗಿರುವುದು ತಳಿಯ ಬಗ್ಗೆ.

ಕೋ 0238 ಅಂತ ಒಂದು ತಳಿ. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆಯ ಕರ್ನಾಲ್ ಕೇಂದ್ರದಲ್ಲಿ ಬಕ್ಷಿ ರಾಮ್ ಮತ್ತು ಅವರ ತಂಡ ಬೆಳೆಸಿದ್ದು. 2009ರಲ್ಲಿ ಬಿಡುಗಡೆಯಾಯಿತು. ಒಳ್ಳೆ ತೂಕ, ಒಳ್ಳೆ ಸಕ್ಕರೆ. ಇವೆರಡೂ ಒಂದೇ ಕಬ್ಬಿನಲ್ಲಿ ಸಿಗುವುದು ಅಪರೂಪ. ರೈತ ಖುಷಿ, ಕಾರ್ಖಾನೆಯೂ ಖುಷಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಉತ್ತರ ಪ್ರದೇಶದ ಕಬ್ಬಿನ ಜಮೀನಿನಲ್ಲಿ ಶೇಕಡಾ 80ಕ್ಕೂ ಜಾಸ್ತಿ ಇದೊಂದೇ ತಳಿ. ಎಲ್ಲರೂ ಇದನ್ನು ಪವಾಡದ ಕಬ್ಬು ಅಂದರು.

ಆಮೇಲೆ ಕೆಂಪು ಕೊಳೆ ರೋಗ ಬಂತು. ಅದನ್ನು ತರುವುದು ಒಂದು ಶಿಲೀಂಧ್ರ. ಮೇಲಿನ ಮೂರನೇ, ನಾಲ್ಕನೇ ಎಲೆ ಹಳದಿಯಾಗುತ್ತದೆ. ಜಲ್ಲೆ ಸೀಳಿ ನೋಡಿದರೆ ಒಳಗೆಲ್ಲ ಕೆಂಪು, ನಡುನಡುವೆ ಅಡ್ಡಡ್ಡ ಬಿಳಿ ಪಟ್ಟೆ, ಹುಳಿ ಹುಳಿ ವಾಸನೆ. ಅಷ್ಟು ಹೊತ್ತಿಗೆ ಔಷಧಿ ಹೊಡೆದು ಏನೂ ಪ್ರಯೋಜನ ಇಲ್ಲ. ಬುಡ ಸಮೇತ ಕಿತ್ತು ಸುಡಬೇಕು.

ಇಲ್ಲಿ ಒಂದು ಮಾತು ಗಮನಿಸಿ. ನಾವು ಕಬ್ಬನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ, ತುಂಡು ನೆಟ್ಟು ಬೆಳೆಯುತ್ತೇವೆ. ಅಂದರೆ ಲಕ್ಷಾಂತರ ಎಕರೆಯಲ್ಲಿ ನಿಂತಿರುವುದು ಒಂದೇ ಗಿಡದ ತುಂಡುಗಳು. ಊರಿನ ಎಲ್ಲ ಮನೆಗೂ ಒಂದೇ ಬೀಗದ ಕೈ ಇದ್ದ ಹಾಗೆ. ಆ ತಳಿಯನ್ನು ಮುರಿಯಬಲ್ಲ ಶಿಲೀಂಧ್ರದ ಹೊಸ ರೂಪ ಒಂದು ಹುಟ್ಟಿದರೆ ಸಾಕು, ಅದಕ್ಕೆ ಇಡೀ ರಾಜ್ಯವೇ ಮೇವು. ಅದರ ಮೇಲೆ, ರೋಗ ಇರುವ ತುಂಡನ್ನೇ ಮುಂದಿನ ವರ್ಷ ನೆಡಲು ಬಳಸಿದರೆ ರೋಗವನ್ನು ಕೈಯಾರೆ ನೆಟ್ಟಂತೆ ಆಯಿತು.

ಇದು ಹೊಸ ಕಥೆ ಅಂದುಕೊಳ್ಳಬೇಡಿ. 1930ರ ದಶಕದ ಕೊನೆಯಲ್ಲಿ ಉತ್ತರ ಪ್ರದೇಶ, ಬಿಹಾರದಲ್ಲಿ ಕೋ 213 ತಳಿ ಇದೇ ರೋಗಕ್ಕೆ ಬಿದ್ದುಹೋಯಿತು. ಆಮೇಲೆ ಕೋ 1148 ಹೋಯಿತು. ಸಕ್ಕರೆ ಅಂಶಕ್ಕೆ ಅಷ್ಟು ಹೆಸರು ಮಾಡಿದ್ದ ಕೋಸಿ 671 ಕೂಡ ಹೋಯಿತು. ಪ್ರತಿ ಸಲವೂ ಒಂದು ತಳಿಯನ್ನು ತಲೆ ಮೇಲೆ ಹೊತ್ತು ಮೆರೆಸುತ್ತೇವೆ, ಅದು ಬಿದ್ದ ದಿನ ವಿಜ್ಞಾನಿಗಳನ್ನು ಬೈಯುತ್ತೇವೆ.

ಬೈಯುವ ಮೊದಲು ಅವರ ಕೆಲಸ ಎಂಥದ್ದು ಅಂತ ನೋಡಿ. ಕೊಯಮತ್ತೂರಿನ ಸಂಸ್ಥೆ ಶುರುವಾಗಿದ್ದು 1912ರಲ್ಲಿ. ಅದೇ ಊರು ಯಾಕೆ ಅಂದರೆ, ಅಲ್ಲಿ ಕಬ್ಬು ಸೂಲಂಗಿ, ಅಂದರೆ ಹೂಗೊಂಚಲು, ಬಿಟ್ಟು ಮೊಳೆಯುವ ಬೀಜ ಕಟ್ಟುತ್ತದೆ. ಉತ್ತರದಲ್ಲಿ ಅದು ಸುಲಭವಿಲ್ಲ. ಬಾರ್ಬರ್ ಮತ್ತು ವೆಂಕಟರಾಮನ್ ಎಂಬ ವಿಜ್ಞಾನಿಗಳು ಅಲ್ಲಿ ದಪ್ಪ ಸಿಹಿ ಕಬ್ಬಿಗೆ ಕಾಡು ಕಬ್ಬನ್ನು ಅಡ್ಡಹಾಯಿಸಿದರು, ಅಂದರೆ ಎರಡನ್ನೂ ಸಂಕರ ಮಾಡಿದರು. ಹೊಳೆದಂಡೆಯಲ್ಲಿ ಹುಲ್ಲಿನಂತೆ ಬೆಳೆಯುವ, ಯಾರೂ ತಿರುಗಿ ನೋಡದ ಗಿಡ ಅದು. ಸಕ್ಕರೆ ಅಷ್ಟಕ್ಕಷ್ಟೇ. ಆದರೆ ಚಳಿ, ಬರ, ರೋಗ ಎಲ್ಲಕ್ಕೂ ಗಟ್ಟಿ. ಹಾಗೆ ಹುಟ್ಟಿದ್ದು ಕೋ 205, 1918ರಲ್ಲಿ. ಪಂಜಾಬಿನ ಚಳಿಯಲ್ಲೂ ಹುಲುಸಾಗಿ ಬಂತು. ಮುಂದೆ 1930ರ ದಶಕದಲ್ಲಿ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅಲ್ಲೇ ಕೂತು ಕಬ್ಬಿಗೆ ಮೆಕ್ಕೆಜೋಳವನ್ನೂ ಅಡ್ಡಹಾಯಿಸಿ ನೋಡಿದರು. ಎಂಥಾ ಧೈರ್ಯ, ಅಲ್ವಾ?

ಅಡ್ಡಹಾಯಿಸುವುದೇನೋ ಸರಿ, ಆಮೇಲಿನದು ಬರೀ ತಾಳ್ಮೆ. ಮನುಷ್ಯನಿಗೆ 46 ಕ್ರೋಮೋಸೋಮು. ಇವತ್ತಿನ ಕಬ್ಬಿಗೆ 100ರಿಂದ 130. ಹಾಗಾಗಿ ಒಂದೇ ಸೂಲಂಗಿಯ ಒಂದೊಂದು ಬೀಜವೂ ಬೇರೆ ಬೇರೆ ಥರದ ಗಿಡ. ಸಾವಿರಾರು ಸಸಿ ಬೆಳೆಸಿ, ಪ್ರತಿ ಹಂತದಲ್ಲೂ ಕಿತ್ತೆಸೆದು, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಹೇಗೆ ಬರುತ್ತದೆ ಅಂತ ನೋಡಿ, ರೋಗ ಚುಚ್ಚಿ ಪರೀಕ್ಷೆ ಮಾಡಿ, ಕೊನೆಗೆ ಒಂದು ಉಳಿದರೆ ಪುಣ್ಯ. ಇದಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು. ಹಾಗಾಗಿ "ಕೋ 0238 ಹೋಯಿತು, ಇನ್ನೊಂದು ಕೊಡಿ" ಅಂದರೆ ತಕ್ಷಣ ಕೈಗಿಡಲು ಆಗುವುದಿಲ್ಲ.

ಇನ್ನೊಂದು ತಳಿ ಇದ್ದರೂ ಸಮಸ್ಯೆ ಮುಗಿಯುವುದಿಲ್ಲ. ಒಂದು ಹೆಕ್ಟೇರ್ ನೆಡಲು 6ರಿಂದ 8 ಟನ್ ಬಿತ್ತನೆ ಕಬ್ಬು ಬೇಕು. ಒಂದು ಹೆಕ್ಟೇರಿನ ಬಿತ್ತನೆ ಕಬ್ಬು ಹತ್ತು ಹೆಕ್ಟೇರಿಗೆ ಸಾಕಾಗುತ್ತದೆ. ಲೆಕ್ಕ ಹಾಕಿ. ಒಂದರಿಂದ ಹತ್ತು, ಹತ್ತರಿಂದ ನೂರು, ನೂರರಿಂದ ಸಾವಿರ. ಒಂದು ಸಾವಿರ ಹೆಕ್ಟೇರಿಗೇ ಮೂರು ಸುತ್ತು. ಗೆಣ್ಣಿನಲ್ಲಿ ಚಿಗುರೊಡೆಯುವ ಕಣ್ಣನ್ನು ಮಾತ್ರ ಚಿಪ್ಪಿನಂತೆ ತೆಗೆದು ಟ್ರೇಯಲ್ಲಿ ಸಸಿ ಮಾಡಿದರೆ ಬಿತ್ತನೆ ಕಬ್ಬು ಎಷ್ಟೋ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸುವ ಟಿಶ್ಯೂ ಕಲ್ಚರ್ ಸಸಿಯೂ ಇದೆ. ಆದರೆ ಅದಕ್ಕೆ ನರ್ಸರಿ ಬೇಕು, ಅದನ್ನು ನೋಡಿಕೊಳ್ಳುವ ಜನ ಬೇಕು. ಹೊಸ ತಳಿ ಬಿಡುಗಡೆಯಾದರೆ ಫೋಟೋ ಬರುತ್ತದೆ. ಬೀಜದ ನರ್ಸರಿಗೆ ಯಾರು ಫೋಟೋ ತೆಗೆಯುತ್ತಾರೆ ಹೇಳಿ?

ರೈತರು ಒಂದೇ ತಳಿ ಯಾಕೆ ಹಿಡಿಯುತ್ತಾರೆ? ಅವರು ದಡ್ಡರಲ್ಲ. ನಮ್ಮಲ್ಲಿ ಹಣ ಕೊಡುವುದು ತೂಕದ ಮೇಲೆ. ಎಫ್‌ಆರ್‌ಪಿಯಲ್ಲಿ, ಅಂದರೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ದರದಲ್ಲಿ, ಸಕ್ಕರೆ ಇಳುವರಿಯ ಲೆಕ್ಕ ಇದೆ ನಿಜ, ಆದರೆ ಅದು ಇಡೀ ಕಾರ್ಖಾನೆಯ ಸರಾಸರಿ. ನನ್ನ ಹೊಲದ ಕಬ್ಬಿನಲ್ಲಿ ಸಕ್ಕರೆ ಜಾಸ್ತಿ ಇದ್ದರೆ ನನಗೆ ಬೇರೆಯಾಗಿ ಏನೂ ಸಿಗುವುದಿಲ್ಲ. ಬೇಗ ಮಾಗುವ, ತೂಕ ಸ್ವಲ್ಪ ಕಮ್ಮಿ ಬರುವ ತಳಿಯನ್ನು ನಾನು ಸುಮ್ನೆ ಯಾಕೆ ಹಾಕಲಿ? ಪಕ್ಕದ ಹೊಲದಲ್ಲಿ ಯಾವುದು ಟನ್ನುಗಟ್ಟಲೆ ಬಂತೋ ಅದನ್ನೇ ಹಾಕುತ್ತೇನೆ.

ದಕ್ಷಿಣದಲ್ಲೂ ನಾವು ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಕೋ 86032 ಬಿಡುಗಡೆಯಾಗಿದ್ದು 2000ದಲ್ಲಿ. ಇವತ್ತಿಗೂ ಕರ್ನಾಟಕ, ಮಹಾರಾಷ್ಟ್ರದ ದೊಡ್ಡ ಭಾಗ ಅದನ್ನೇ ನಂಬಿದೆ. ಒಳ್ಳೆ ತಳಿ, ಅದರಲ್ಲಿ ಎರಡು ಮಾತಿಲ್ಲ. ಕೋ 0238 ಕೂಡ ಒಳ್ಳೆ ತಳಿಯೇ ಆಗಿತ್ತು.

ನನ್ನ ಅಭಿಪ್ರಾಯ ಇಷ್ಟು. ಒಂದು ಕಾರ್ಖಾನೆಯ ವ್ಯಾಪ್ತಿಯಲ್ಲಿ ಯಾವ ತಳಿಯೂ ಅರ್ಧಕ್ಕಿಂತ ಜಾಸ್ತಿ ಜಾಗ ಹಿಡಿಯಬಾರದು. ಯಾವ ತಳಿ ಎಷ್ಟು ಎಕರೆ ಇದೆ ಅಂತ ಕಾರ್ಖಾನೆಗಳು ಪ್ರತಿ ಹಂಗಾಮಿಗೆ ಮೊದಲು ಹೇಳಲಿ. ಕಬ್ಬು ನೋಂದಣಿ ಮಾಡುವಾಗ ಆ ಲೆಕ್ಕ ಅವರ ಕೈಯಲ್ಲೇ ಇರುತ್ತದೆ. ಬೇಗ ಮಾಗುವ ತಳಿ ಹಾಕಿದವರಿಗೆ ತೂಕದಲ್ಲಿ ಆಗುವ ನಷ್ಟವನ್ನು ಕಾರ್ಖಾನೆ ತುಂಬಿಕೊಡಲಿ. ಹಂಗಾಮಿನ ಶುರುವಿನಲ್ಲೇ ಸಕ್ಕರೆ ಇಳುವರಿ ಏರಿದರೆ ಲಾಭ ಅವರಿಗೇ ತಾನೇ? ಸಂಶೋಧನೆಗೆ ಅಂತ ಇಡುವ ಹಣದಲ್ಲಿ ಒಂದು ಪಾಲು ಬೀಜದ ನರ್ಸರಿಗೆ ಅಂತಲೇ ಎತ್ತಿಡಲಿ. ಎರಡನೇ, ಮೂರನೇ ತಳಿ ಕಡತದಲ್ಲಿ ಇದ್ದರೆ ಸಾಲದು, ರೋಗ ಬರುವ ಮೊದಲೇ ನೂರಾರು ಎಕರೆಯಲ್ಲಿ ಬೆಳೆದು ನಿಂತಿರಬೇಕು.