ಅಂಟಲು ಬಿಡದ ಲೇಪನ

ಕೇಳುಗರೆಲ್ಲರಿಗೂ ನಮಸ್ಕಾರ.

ಆಸ್ಪತ್ರೆಯಲ್ಲಿ ಮಲಗಿದವರ ಮೈಗೆ ಎಷ್ಟೊಂದು ನಳಿಕೆಗಳನ್ನು ಜೋಡಿಸಿರುತ್ತಾರೆ, ನೋಡಿರುತ್ತೀರಿ. ಮೂತ್ರ ಹೊರಗೆ ಬರಲು ಒಂದು, ರಕ್ತನಾಳಕ್ಕೆ ಔಷಧ ಹೋಗಲು ಒಂದು, ಉಸಿರಾಟಕ್ಕೆ ಇನ್ನೊಂದು. ಕೆಲವರ ಮೈಯೊಳಗೆ ಕೃತಕ ಮಂಡಿ ಇರುತ್ತದೆ, ಹೃದಯದ ಕೃತಕ ಕವಾಟ ಇರುತ್ತದೆ. ಜೀವ ಉಳಿಸುವ ಸಾಧನಗಳು ಇವು. ಆದರೆ ಎಷ್ಟೋ ಸಲ ರೋಗಾಣುಗಳಿಗೆ ಒಳಗೆ ಬರಲು ದಾರಿ ಸಿಗುವುದೂ ಇವುಗಳಿಂದಲೇ. ಮೂತ್ರದ ಕ್ಯಾಥೆಟರ್ ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುವ ಸಾಧ್ಯತೆ ಶೇಕಡ 3ರಿಂದ 7ರಷ್ಟು. ತಿಂಗಳು ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಅವು ಸೇರಿಕೊಂಡಿರುತ್ತವೆ. ಎಲ್ಲರಿಗೂ ಕಾಯಿಲೆಯಾಗುವುದಿಲ್ಲ, ನಿಜ. ಆದವರ ಪಾಡು ಮಾತ್ರ ತುಂಬ ಕಷ್ಟ.

ನೀರನ್ನೇ ಹತ್ತಿರ ಸೇರಿಸದ ಲೇಪನವನ್ನು ಈ ನಳಿಕೆಗಳಿಗೆ ಬಳಿದರೆ ರೋಗಾಣು ಅಂಟುವುದು ತಪ್ಪುತ್ತದೆಯೇ? ಇವತ್ತಿನ ಮಾತು ಅದರ ಬಗ್ಗೆ.

ಅಂಟುವುದು ಹೇಗೆ ಅನ್ನುವುದನ್ನು ಮೊದಲು ನೋಡೋಣ. ನಳಿಕೆ ರಕ್ತಕ್ಕೆ ಸೋಕಿದ ಸ್ವಲ್ಪ ಹೊತ್ತಿಗೇ ರಕ್ತದ ಪ್ರೋಟೀನುಗಳು ಅದರ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಬಂದು ಆ ಪದರವನ್ನು ಹಿಡಿದುಕೊಳ್ಳುತ್ತವೆ. ಮೊದಮೊದಲು ಹಿಡಿತ ಸಡಿಲ. ಆಮೇಲೆ ಸುತ್ತಲೂ ಲೋಳೆ ಕಟ್ಟಿಕೊಂಡು, ಅದರೊಳಗೇ ಮರಿ ಹಾಕುತ್ತ ಪದರದ ಮೇಲೆ ಪದರ ಬೆಳೆಯುತ್ತವೆ. ಇದೇ ಬಯೋಫಿಲ್ಮ್. ಬೆಳಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ಸಿಗುವ ಜಿಗುಟು ಕೂಡ ಇದೇ ಜಾತಿಯದು. ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲಲು ಸಾಕಾಗುವ ಆಂಟಿಬಯೋಟಿಕ್, ಈ ಲೋಳೆಯೊಳಗೆ ಕುಳಿತವಕ್ಕೆ ಸಾಲುವುದಿಲ್ಲ. ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಜಾಸ್ತಿ ಬೇಕಾಗುತ್ತದೆ. ಅಷ್ಟು ಔಷಧವನ್ನು ಮನುಷ್ಯರಿಗೆ ಕೊಡುವಂತಿಲ್ಲ. ಕೊನೆಗೆ ಆ ಸಾಧನವನ್ನೇ ತೆಗೆಯಬೇಕಾಗುತ್ತದೆ. ನಳಿಕೆಯಾದರೆ ತೆಗೆದು ಬೇರೆ ಹಾಕಬಹುದು. ಕೃತಕ ಮಂಡಿಯನ್ನು ತೆಗೆಯುವುದೆಂದರೆ ಆ ವ್ಯಕ್ತಿ ಮತ್ತೊಮ್ಮೆ ದೊಡ್ಡ ಶಸ್ತ್ರಚಿಕಿತ್ಸೆಗೆ ಮೈಯೊಡ್ಡಬೇಕು.

ಆಂಥೊನಿ ಗ್ರಿಸ್ಟಿನಾ ಎಂಬ ವೈದ್ಯ 1987ರಲ್ಲಿ ಇದನ್ನು ಜಾಗಕ್ಕಾಗಿ ನಡೆಯುವ ಓಟ ಎಂದು ಕರೆದರು. ಹೊಸದಾಗಿ ಕೂರಿಸಿದ ಸಾಧನದ ಮೇಲೆ ನಮ್ಮ ಜೀವಕೋಶಗಳು ಮೊದಲು ನೆಲೆಯೂರಿದರೆ ಸರಿ. ಬ್ಯಾಕ್ಟೀರಿಯಾ ಮೊದಲು ಬಂದರೆ ತೊಂದರೆ. ಹಾಗಾಗಿ ಶುರುವಿನ ಆ ಗಂಟೆಗಳು ತುಂಬ ಮುಖ್ಯ.

ಮೊದಲು ಎಲ್ಲರಿಗೂ ಹೊಳೆದದ್ದು ಕೊಲ್ಲುವ ದಾರಿ. ಬೆಳ್ಳಿ ಬಳಿದರು, ಆಂಟಿಬಯೋಟಿಕ್ ಬಳಿದರು. ರಕ್ತನಾಳದ ನಳಿಕೆಗಳಲ್ಲಿ ಆಂಟಿಬಯೋಟಿಕ್ ಲೇಪನದಿಂದ ಉಪಯೋಗವಾಗಿದೆ. ಮೂತ್ರದ ಕ್ಯಾಥೆಟರ್ ಕತೆ ಬೇರೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2012ರಲ್ಲಿ ಬಂತು. ಸ್ವಲ್ಪ ದಿನಕ್ಕೆಂದು ಹಾಕುವ ಕ್ಯಾಥೆಟರಿಗೆ ಬೆಳ್ಳಿಯ ಲೇಪನ ಇದ್ದರೂ ಸೋಂಕು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಇನ್ನೊಂದು ತೊಡಕೂ ಇದೆ. ಸತ್ತ ಬ್ಯಾಕ್ಟೀರಿಯಾ ಅಲ್ಲೇ ಉಳಿದರೆ, ಅದರ ಮೇಲೆ ಹೊಸದು ಬಂದು ಕೂರುತ್ತದೆ.

ಆಗ ಕಣ್ಣು ಬಿದ್ದದ್ದು ತಾವರೆ ಎಲೆಯ ಮೇಲೆ. ಅದರ ಮೇಲೆ ನೀರು ನಿಲ್ಲುವುದಿಲ್ಲ ಅನ್ನುವುದು ಯಾರಿಗೂ ಹೊಸದಲ್ಲ, ಅಲ್ವಾ? ಯಾಕೆ ನಿಲ್ಲುವುದಿಲ್ಲ, ಉರುಳುವ ಹನಿ ಕೊಳೆಯನ್ನೂ ಹೇಗೆ ಹೊತ್ತೊಯ್ಯುತ್ತದೆ ಎಂದು ಜರ್ಮನಿಯ ವಿಲ್‌ಹೆಲ್ಮ್ ಬಾರ್ತ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ 1997ರಲ್ಲಿ ವಿವರವಾಗಿ ತೋರಿಸಿದರು. ಎಲೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಬುಟುಗಳು. ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಕಣಗಳು. ನಡುವಿನ ಸಂದುಗಳಲ್ಲಿ ಗಾಳಿ. ಹನಿ ಕೂರುವುದು ಬಹುಪಾಲು ಗಾಳಿಯ ಮೇಲೆ. ಅದಕ್ಕೇ ಅದು ದುಂಡಗೆ ಉಳಿದು ಜಾರಿ ಹೋಗುತ್ತದೆ.

ಇದೇ ರಚನೆಯನ್ನು ಪ್ಲಾಸ್ಟಿಕ್ ಮೇಲೆ, ಲೋಹದ ಮೇಲೆ ಮೂಡಿಸಬಹುದು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಅಂಟುವುದೂ ಕಡಿಮೆಯಾಗುತ್ತದೆ. ಆದರೆ ತಾವರೆ ಎಲೆಯ ಮೇಲೆ ಬೀಳುವುದು ಹನಿ. ಕ್ಯಾಥೆಟರ್ ಇರುವುದು ದಿನವಿಡೀ ದ್ರವದೊಳಗೆ. ಮುಳುಗಿದ ಮೇಲ್ಮೈಯ ಸಂದುಗಳಲ್ಲಿದ್ದ ಗಾಳಿ ನಿಧಾನವಾಗಿ ದ್ರವದಲ್ಲಿ ಕರಗಿಹೋಗುತ್ತದೆ. ಗಾಳಿ ಹೋದರೆ ಉಳಿಯುವುದು ಗುಬುಟು, ಸಂದು. ಬ್ಯಾಕ್ಟೀರಿಯಾ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಸಣ್ಣದು. ಅಡಗಿಕೊಳ್ಳಲು ಅದಕ್ಕೆ ಆ ಸಂದು ಧಾರಾಳವಾಯಿತು. ಇನ್ನೂ ಒಂದು ಮಾತು. ನಳಿಕೆ ಮಾಡಲು ಬಳಸುವ ಮಾಮೂಲಿ ಸಿಲಿಕೋನ್ ಕೂಡ ನೀರನ್ನು ಒಲ್ಲದ ವಸ್ತುವೇ. ಆದರೂ ಅದರ ಮೇಲೆ ಪ್ರೋಟೀನೂ ಬ್ಯಾಕ್ಟೀರಿಯಾವೂ ಚೆನ್ನಾಗಿಯೇ ಅಂಟುತ್ತವೆ. ಆದ್ದರಿಂದ ನೀರು ನಿಲ್ಲದು ಅಂದ ಮಾತ್ರಕ್ಕೆ ರೋಗಾಣು ನಿಲ್ಲದು ಅಂದುಕೊಳ್ಳಬಾರದು.

ಮುಂದಿನ ದಾರಿ ತೋರಿಸಿದ್ದು ಹೂಜಿ ಗಿಡ. ಅದರ ಹೂಜಿಯ ಬಾಯಂಚಿನಲ್ಲಿ ತೆಳುವಾದ ನೀರಿನ ಪದರ ನಿಂತಿರುತ್ತದೆ. ಕೀಟದ ಕಾಲು ಅಲ್ಲಿ ನಿಲ್ಲುವುದಿಲ್ಲ, ಜಾರಿ ಒಳಗೆ ಬೀಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಜೊವಾನಾ ಐಜೆನ್‌ಬರ್ಗ್ ಅವರ ತಂಡ 2011ರಲ್ಲಿ ಇದೇ ಉಪಾಯವನ್ನು ಹಿಡಿಯಿತು. ಗಾಳಿಯ ಬದಲು ಎಣ್ಣೆಯಂಥ, ನೀರಿನೊಂದಿಗೆ ಬೆರೆಯದ ದ್ರವವನ್ನು ಸಂದುಗಳಲ್ಲಿ ತುಂಬಿ ನಿಲ್ಲಿಸಿತು. ಕೂರಲು ಗಟ್ಟಿ ನೆಲವೇ ಸಿಗದಿದ್ದರೆ ಬ್ಯಾಕ್ಟೀರಿಯಾ ಕೂರುವುದಾದರೂ ಎಲ್ಲಿ? ಮರುವರ್ಷದ ಪ್ರಯೋಗದಲ್ಲಿ ಸ್ಯೂಡೋಮೊನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾದ ಬಯೋಫಿಲ್ಮ್ ಏಳು ದಿನಗಳಲ್ಲಿ ಶೇಕಡ 99.6ರಷ್ಟು ಕಡಿಮೆಯಾಗಿತ್ತು. 2014ರಲ್ಲಿ ಇಂಥದೇ ಲೇಪನವಿದ್ದ ನಳಿಕೆಗಳಲ್ಲಿ ಹಂದಿಯ ರಕ್ತವನ್ನು ಹರಿಸಿದರು. ಹೆಪ್ಪುಗಟ್ಟದಂತೆ ತಡೆಯುವ ಔಷಧ ಕೊಡದೆಯೂ ಎಂಟು ಗಂಟೆ ಅದು ಸರಾಗವಾಗಿ ಹರಿಯಿತು. ನನಗೆ ಇದು ತುಂಬ ಭರವಸೆ ಕೊಟ್ಟ ಕೆಲಸ. ರಕ್ತ ಹೆಪ್ಪುಗಟ್ಟುವುದು, ಸೋಂಕು ತಗಲುವುದು ಎರಡನ್ನೂ ಒಂದೇ ಲೇಪನ ತಡೆಯುತ್ತದೆ ಅಂದರೆ ರೋಗಿಗೆ ಎಷ್ಟು ಹಗುರ!

ಹರಿಯುವ ರಕ್ತ, ಮೂತ್ರ ಆ ದ್ರವವನ್ನು ಮೆಲ್ಲಗೆ ಸವೆಸುತ್ತವೆ ಅನ್ನುವ ಚಿಂತೆಯೂ ಇದೆ. ಮೇಲಾಗಿ ಇದಕ್ಕೆ ಬಳಸುವುದು ಹೆಚ್ಚಾಗಿ ಫ್ಲೋರಿನ್ ಇರುವ ರಾಸಾಯನಿಕಗಳು. ಆ ಗುಂಪಿನ ಹಲವು ವಸ್ತುಗಳು ಮಣ್ಣಿನಲ್ಲಿ, ನೀರಿನಲ್ಲಿ ಕೊಳೆಯದೆ ಉಳಿದುಬಿಡುತ್ತವೆ. ಹಾಗಾಗಿ ಸಿಲಿಕೋನ್ ಎಣ್ಣೆಯಂಥ ಬೇರೆ ದ್ರವಗಳನ್ನೂ ಪರೀಕ್ಷಿಸುತ್ತಿದ್ದಾರೆ. ಇದಕ್ಕೆ ಪೂರ್ತಿ ಉಲ್ಟಾ ದಾರಿಯೂ ಒಂದಿದೆ. ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಲೇಪನ ಬಳಿದು, ಆ ನೀರಿನ ಪದರವೇ ಪ್ರೋಟೀನುಗಳನ್ನು ದೂರ ಇಡುವಂತೆ ಮಾಡುವುದು.

ಯಾವ ಲೇಪನವೇ ಆಗಲಿ, ಶುದ್ಧ ನೀರಿನಲ್ಲಿ ಒಂದು ದಿನ ಗೆದ್ದರೆ ಸಾಲದು. ಪ್ರೋಟೀನು, ಉಪ್ಪು ತುಂಬಿದ ನಿಜವಾದ ದ್ರವದಲ್ಲಿ, ಸಾಧನ ಮೈಯೊಳಗೆ ಇರುವಷ್ಟು ದಿನವೂ ಅದು ಬಾಳಬೇಕು. ಆಮೇಲೆ ಸಾವಿರಾರು ರೋಗಿಗಳಲ್ಲಿ ಕಾಯಿಲೆ ನಿಜವಾಗಿ ಇಳಿಯಿತೇ ಎಂದು ನೋಡಬೇಕು. ಬೆಳ್ಳಿಯ ಲೇಪನ ಎಡವಿದ್ದು ಆ ಮೆಟ್ಟಿಲಲ್ಲೇ.

ಅಲ್ಲಿಯವರೆಗೆ ಸುಮ್ನೆ ಕಾಯಬೇಕಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ತೀವ್ರನಿಗಾ ಘಟಕಗಳಲ್ಲಿ ಕೈ ತೊಳೆಯುವುದು, ಚರ್ಮವನ್ನು ಸರಿಯಾಗಿ ಶುಚಿ ಮಾಡುವುದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವುದು, ಇಂಥ ಐದು ಕ್ರಮಗಳನ್ನು ತಪ್ಪದೆ ಪಾಲಿಸಿದರು. ರಕ್ತನಾಳದ ನಳಿಕೆಯ ಸೋಂಕು ಹೆಚ್ಚೆಂದರೆ ಶೇಕಡ 66ರಷ್ಟು ಕಡಿಮೆಯಾಯಿತೆಂದು 2006ರಲ್ಲಿ ವರದಿಯಾಯಿತು. ನಿಮ್ಮವರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ ವೈದ್ಯರನ್ನೋ ದಾದಿಯರನ್ನೋ ದಿನಕ್ಕೊಮ್ಮೆ ಕೇಳಿ: "ಈ ನಳಿಕೆ ಇವತ್ತೂ ಬೇಕಾ?" ನೀವಾಗಿ ಅದನ್ನು ಮುಟ್ಟಬೇಡಿ, ಎಳೆಯಬೇಡಿ. ಕೇಳುವುದಕ್ಕೆ ಮಾತ್ರ ಸಂಕೋಚ ಬೇಡ.

ನಮಸ್ಕಾರ.