ಹಿಮ ಬೀಳ್ತಿದೆಯಾ ಅಂತಲ್ಲ, ಗಾಳಿ ಎಷ್ಟಿದೆ ಅಂತ ಕೇಳಿ

ಧಾರವಾಡದಲ್ಲಿ ನಿಂತು ಹಿಮಕುಸಿತ ಅಂದರೆ ಎಲ್ಲರಿಗೂ ನೆನಪಾಗುವುದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ್ದ ಯೋಧ, ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿಯಲ್ಲಿ ಅವರ ಅಂತಿಮ ದರ್ಶನಕ್ಕೆ ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ಹೋದವರು ಇಲ್ಲೂ ಇದ್ದೀರಿ. ಆ ಕಥೆ ನಾನು ಹೇಳಬೇಕಿಲ್ಲ. ಸಿಯಾಚಿನ್‌ನಲ್ಲಿ ಅಂದು ಕುಸಿದದ್ದು ಮಂಜುಗಡ್ಡೆಯ ಗೋಡೆ. ಇವತ್ತು ನಾನು ಹೇಳುವುದು ಇನ್ನೊಂದು ಬಗೆ, ವಿಂಡ್ ಸ್ಲ್ಯಾಬ್. ಗಾಳಿ ತಂದು ಕಟ್ಟಿದ ಹಿಮದ ಹಾಸು. ನಮ್ಮ ಹುಡುಗ ಹುಡುಗಿಯರು ಚಳಿಗಾಲದಲ್ಲೇ ಹಿಮಾಲಯ ಹತ್ತಲು ಹೊರಟಿದ್ದಾರೆ. ಹಿಮ ಬೀಳ್ತಿದೆಯಾ ಅಂತ ಕೇಳುತ್ತಾರೆ. ಗಾಳಿ ಎಷ್ಟಿದೆ ಅಂತ ಕೇಳುವುದಿಲ್ಲ.

ನಾನು ಕಣ್ಣಾರೆ ಕಂಡದ್ದು ಹಿಮಾಚಲದ ಮನಾಲಿ ಹತ್ತಿರ, ಸೋಲಾಂಗ್ ದಾಟಿ, ಧುಂಡಿಯ ಆಚೆ, ಬಿಯಾಸ್ ಕುಂಡದ ದಾರಿಯಲ್ಲಿ. ಚಳಿಗಾಲದಲ್ಲಿ ಅಲ್ಲಿ ನರಪಿಳ್ಳೆ ಇರುವುದಿಲ್ಲ. ಹಿಮ ಬೀಳುವುದು ಹಿಂದಿನ ದಿನವೇ ನಿಂತಿತ್ತು. ಆಕಾಶ ನೀಲಿ, ಒಳ್ಳೇ ಬಿಸಿಲು. ಎದುರಿನ ಇಳಿಜಾರು ಹತ್ತೋಣ ಅಂತ ಹುಡುಗರು ಕುಣಿಯುತ್ತಿದ್ದರು. ನಮ್ಮ ಗೈಡ್ ಮಾತ್ರ ಬೆಟ್ಟದ ನೆತ್ತಿಯನ್ನೇ ನೋಡುತ್ತಿದ್ದರು. ಅಲ್ಲಿಂದ ಹಿಮದ ಪುಡಿ ಎಡೆಬಿಡದೆ ಹಾರಿ ಈಚೆ ಬದಿಗೆ ಬೀಳುತ್ತಿತ್ತು. "ಇನ್ನೊಂದು ಚಹಾ ಕುಡೀರಿ" ಅಂದರು. ಅದು ಮುಗಿದ ಮೇಲೆ ಮತ್ತೊಂದು. ಮೂರನೇ ಲೋಟ ಬರುವಾಗ ಹುಡುಗರ ಮುಖ ನೋಡಬೇಕಿತ್ತು!

ಆಗ ನೆತ್ತಿಯ ಸ್ವಲ್ಪ ಕೆಳಗೆ ಒಂದು ಗೆರೆ ಮೂಡಿತು. ನೋಡನೋಡುತ್ತಲೇ ಇಳಿಜಾರಿನ ಉದ್ದಕ್ಕೂ ಓಡಿತು. ಸದ್ದಿಲ್ಲ. ಇಡೀ ಹಾಸು ಒಟ್ಟಿಗೆ ಜಾರಿತು, ಆಮೇಲೆ ತುಂಡು ತುಂಡಾಯಿತು. ಗುಡುಗು ನಮ್ಮನ್ನು ಮುಟ್ಟುವ ಹೊತ್ತಿಗೆ ಬಿಳಿ ಧೂಳೆದ್ದು ಇಳಿಜಾರೇ ಕಾಣದಾಗಿತ್ತು. ಯಾರೂ ಅಲ್ಲಿ ಕಾಲಿಟ್ಟಿರಲಿಲ್ಲ. ಅಂದು ಹೊಸ ಹಿಮವೂ ಬಿದ್ದಿರಲಿಲ್ಲ. ಇದ್ದದ್ದು ಗಾಳಿ ಮಾತ್ರ.

ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಗಾಳಿ ಹೋಗುವ ಕಡೆಗೆ ಬೀಳುತ್ತದಲ್ಲ, ಹಾಗೇ. ಗಾಳಿ ಒಂದು ಬದಿಯ ಹಿಮವನ್ನು ಕೆರೆದು, ನೆತ್ತಿ ದಾಟಿಸಿ, ಮರೆಯ ಬದಿಗೆ ಸುರಿಯುತ್ತದೆ. ಹಾರುವಾಗ ಹರಳುಗಳು ಒಡೆದು ಸಣ್ಣಗಾಗುತ್ತವೆ, ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತವೆ. ಆಕಾಶದಿಂದ ಬೀಳುವ ಹಿಮಕ್ಕಿಂತ ಹಲವು ಪಟ್ಟು ಬೇಗ ಗಾಳಿ ಭಾರ ಹೇರಬಲ್ಲದು. ಅಡಿಯಲ್ಲಿ ಸಡಿಲ ಹರಳುಗಳ ಪದರವಿದ್ದರೆ ಅದು ತಾಳುವುದಿಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇದು ಜಾಸ್ತಿ. ಸ್ಕೀ ಮಾಡುವವರಿಗೆ ಇಷ್ಟವಾಗುವ ಇಳಿಜಾರೂ ಅದೇ. ಬಿಸಿಲು ನೋಡಿ ಧೈರ್ಯ ಮಾಡಬೇಡಿ, ಗಾಳಿ ನೋಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನೊಂದು ಮಾತು. ನಾನು ಕಂಡದ್ದು ತಾನಾಗಿ ಬಿದ್ದದ್ದು. ಆದರೆ ಹಿಮಕುಸಿತದಲ್ಲಿ ಸಿಕ್ಕಿಬೀಳುವ ಚಾರಣಿಗರಲ್ಲಿ ಹೆಚ್ಚಿನವರ ಕಾಲಡಿಯ ಹಾಸನ್ನು ಒಡೆಯುವುದು ಅವರದೋ ಜೊತೆಗಾರರದೋ ಭಾರ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ಕಾಲಡಿ ಧುಮ್ ಅಂದರೆ, ಬಿರುಕು ಓಡಿದರೆ, ವಾಪಸ್ ಬನ್ನಿ. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಕೊಡುವ ಹಿಮಕುಸಿತದ ಮುನ್ಸೂಚನೆ ಓದಿ. ಹೂತುಹೋದವರು ಬದುಕುವ ಆಸೆ ಮೊದಲ 10-15 ನಿಮಿಷದ ನಂತರ ಬೇಗ ಕುಗ್ಗುತ್ತದೆ. ಹಾಗಾಗಿ ಅಂಥ ಇಳಿಜಾರಿಗೆ ಹೋಗುವ ಪ್ರತಿಯೊಬ್ಬರ ಬಳಿ ಹೂತವರ ಜಾಗ ಹುಡುಕಲು ಸಂಕೇತ ಕೊಡುವ ಬೀಕನ್, ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು ಪ್ರೋಬ್, ಅಗೆಯಲು ಸಲಿಕೆ ಇರಬೇಕು. ಟ್ರೆಕ್ ಏರ್ಪಡಿಸುವವರನ್ನು ದುಡ್ಡು ಕಟ್ಟುವ ಮುಂಚೆಯೇ ಇದನ್ನು ಕೇಳಿ. ಇಲ್ಲ ಅಂದರೆ ಬೇರೆಯವರನ್ನು ಹುಡುಕಿ.