ಓಡದೆಯೂ ಓಡುವ ‘ರನ್’

ಕೇಳುಗರಿಗೆ ನಮಸ್ಕಾರ.

ಚೆಂಡು ಬೌಂಡರಿ ಗೆರೆ ದಾಟಿದರೆ ನಾಲ್ಕು ರನ್. ಬ್ಯಾಟ್ಸ್‌ಮನ್ ನಿಂತಲ್ಲೇ ನಿಂತಿದ್ದರೂ ಅದು ರನ್ನೇ. ರನ್ ಎಂದರೆ ಓಟ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಇಲ್ಲೇ ಅನುಮಾನ ಬರಬೇಕಿತ್ತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಕೋಲಿನ ಮೇಲೆ ಕಚ್ಚು ಹಾಕಿ ಸ್ಕೋರು ಲೆಕ್ಕ ಇಡುತ್ತಿದ್ದರು. ಆಗ ರನ್ನಿಗೆ ಕಚ್ಚು ಎಂದೇ ಹೆಸರಿತ್ತು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಎಂಬ ಪದಕ್ಕೆ. ಆಮೇಲೆ ನಡೆದ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವೊಂದಕ್ಕೇ 645 ಅರ್ಥಗಳು! ಅವನ್ನು ಬಿಡಿಸಿಡಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಬೇಕಾಯಿತು.

ಇಷ್ಟೊಂದು ಅರ್ಥಗಳು ಬಂದದ್ದಾದರೂ ಎಲ್ಲಿಂದ? ಹಳೆಯ ಇಂಗ್ಲಿಷಿನಲ್ಲೇ ಈ ಪದಕ್ಕೆ ಓಡುವುದರ ಜೊತೆಗೆ ಹರಿಯುವುದು ಎಂಬ ಅರ್ಥವೂ ಇತ್ತು. ಹಾಗಾಗಿ ನದಿಯೂ ರನ್, ನೆಗಡಿಯಾದ ಮೂಗೂ ರನ್. ಮುಂದೆ ಯಂತ್ರಗಳ ಕಾಲ ಬಂತು. ಗಿರಣಿ, ರೈಲು, ಮೋಟಾರು, ಕೊನೆಗೆ ಕಂಪ್ಯೂಟರಿನ ಪ್ರೋಗ್ರಾಮ್, ಎಲ್ಲವೂ ಇದೇ ಪದಕ್ಕೆ ಜೋತುಬಿದ್ದವು. ದುಡ್ಡು ಮುಳುಗೀತೆಂದು ಹೆದರಿ ಜನ ಬ್ಯಾಂಕಿಗೆ ಮುಗಿಬಿದ್ದರೆ ಅದೂ ರನ್. 2007ರಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಉದ್ದುದ್ದ ಸಾಲು ನಿಂತಾಗ ಪತ್ರಿಕೆಗಳು ಬಳಸಿದ್ದು ಇದೇ ಮಾತು. ಸಾಲಿನಲ್ಲಿ ನಿಂತವರು ಒಂದು ಹೆಜ್ಜೆ ಸರಿಯಲೂ ಗಂಟೆಗಟ್ಟಲೆ ಕಾಯುತ್ತಿದ್ದರು, ಅದು ಬೇರೆ ಮಾತು.

ನನಗೆ ಮೋಜೆನಿಸುವುದು ಇನ್ನೊಂದು. ಇಂಗ್ಲಿಷಿನವರು ಓಡಿಸುವುದನ್ನೆಲ್ಲ ನಾವು ನಡೆಸುತ್ತೇವೆ: ಅಂಗಡಿ ನಡೆಸುತ್ತೇವೆ, ಶಾಲೆ ನಡೆಸುತ್ತೇವೆ, ಸಂಸಾರವನ್ನಂತೂ ಹೇಗೋ ನಡೆಸಿಕೊಂಡು ಹೋಗುತ್ತೇವೆ. ಸಿನಿಮಾ ಮಾತ್ರ ಎರಡೂ ಕಡೆ ಓಡುತ್ತದೆ, ನೂರು ದಿನ ಓಡಿದರೆ ಇಲ್ಲಿ ಸಮಾರಂಭವೇ ಆಗುತ್ತದೆ.

ಇನ್ನು ಚುನಾವಣೆ. ಅಮೆರಿಕದಲ್ಲಿ ಅಭ್ಯರ್ಥಿ ಓಡುತ್ತಾನೆ, ಬ್ರಿಟನ್ನಿನಲ್ಲಿ ನಿಲ್ಲುತ್ತಾನೆ. ಇಂಗ್ಲಿಷ್ ಒಂದೇ ಆದರೂ ಸಾಗರದ ಆಚೆ ಓಟ, ಈಚೆ ನಿಲುವು. ನಮ್ಮ ಹುರಿಯಾಳುಗಳೂ ಚುನಾವಣೆಗೆ ನಿಲ್ಲುವವರೇ. ಓಡಾಟವೆಲ್ಲ ಟಿಕೆಟ್ ಸಿಗುವ ತನಕ.

ನಮಸ್ಕಾರ.